ಎಣ್ಣೆ ಬೇಡದ ಕೀಲು

ನಮ್ಮ ಮನೆಗಳಲ್ಲಿ ಯಾವುದು ಕಿರುಗುಟ್ಟಿದರೂ ಮದ್ದು ಒಂದೇ: ಎರಡು ಹನಿ ಎಣ್ಣೆ. ಬಾಗಿಲಿಗೆ ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರಕ್ಕೆ ಮೆಷಿನ್ ಎಣ್ಣೆ, ಸೈಕಲ್ ಚೈನಿಗೆ ಗ್ಯಾರೇಜಿನ ಹಳೆಯ ಆಯಿಲ್. ಎತ್ತಿನ ಗಾಡಿಯ ಕೀಲೆಣ್ಣೆಯ ಕಾಲದಿಂದ ಬಂದ ಬುದ್ಧಿ ಅದು, ತಪ್ಪೇನಿಲ್ಲ. ಆದರೆ ಈಗ ಮಕ್ಕಳ ಓದಿನ ಮೇಜಿನ ಮೇಲೆ ಎಣ್ಣೆ ಸಹಿಸದ ಕೀಲೊಂದು ಬಂದು ಕೂತಿದೆ. ಲ್ಯಾಪ್‌ಟಾಪಿನ ಪರದೆಯನ್ನು ಬುಡಕ್ಕೆ ಸೇರಿಸುವ ಕೀಲು ಅದು.

ಬಾಗಿಲಿನ ಕೀಲು ಸಲೀಸಾಗಿ ತಿರುಗಿದರೆ ಸಾಕು. ಲ್ಯಾಪ್‌ಟಾಪಿನ ಕೀಲು ತಿರುಗಲೂ ಬೇಕು, ಕೈ ಬಿಟ್ಟ ಕಡೆ ನಿಲ್ಲಲೂ ಬೇಕು. ಹಾಗೆ ನಿಲ್ಲಿಸುವುದು ಘರ್ಷಣೆ. ಉಕ್ಕಿನ ಸಣ್ಣ ಕಡ್ಡಿಯೊಂದನ್ನು ವಾಷರುಗಳ ಸಾಲು ಮತ್ತು ಒಂದು ನಟ್ಟು ಬಿಗಿಯಾಗಿ ಒತ್ತಿ ಹಿಡಿದಿರುತ್ತವೆ. ಕೆಲವು ಮಾದರಿಗಳಲ್ಲಿ ನಟ್ಟಿನ ಬದಲು ಸುರುಳಿ ಸುತ್ತಿದ ಉಕ್ಕಿನ ಪಟ್ಟಿ ಕಡ್ಡಿಯನ್ನು ಅಪ್ಪಿಕೊಂಡಿರುತ್ತದೆ. ಸವೆಯದಿರಲೆಂದು ತುಸು ಗ್ರೀಸನ್ನು ಕಾರ್ಖಾನೆಯಲ್ಲೇ ಸವರಿರುತ್ತಾರೆ. ಅದರ ಮೇಲೆ ನಾವು ಬಿಡುವ ಎಣ್ಣೆ ಪಕ್ಕದಲ್ಲಿ ಹಾಯುವ ಪರದೆಯ ತಂತಿಗೋ ಕೀಲಿಮಣೆಗೋ ಇಳಿಯುತ್ತದೆ, ಅಷ್ಟೆ.

ಪರದೆ ಅಲುಗಾಡುತ್ತಿದ್ದರೆ ಕೀಲು ಸಡಿಲವಾಗಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಅನೇಕ ವೇಳೆ ಸಂಗತಿ ಇದಕ್ಕೆ ತದ್ವಿರುದ್ಧ. ಕೀಲು ಅತಿಯಾಗಿ ಬಿಗಿದುಕೊಂಡು, ತಾನು ಕೂತಿರುವ ಪ್ಲಾಸ್ಟಿಕ್ಕನ್ನೇ ಕಿತ್ತು ಹಾಕಿರುತ್ತದೆ.

ಕಳೆದ ವರ್ಷ ನಮ್ಮ ಬೀದಿಯ ದರ್ಜಿಯೊಬ್ಬರು ಮಗಳನ್ನೂ ಅವಳ ಲ್ಯಾಪ್‌ಟಾಪನ್ನೂ ಕರೆತಂದಿದ್ದರು. 2021ರಲ್ಲಿ ಪಾಠಗಳೆಲ್ಲ ಆನ್‌ಲೈನ್ ಆಗಿದ್ದಾಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಸೆಕೆಂಡ್ ಹ್ಯಾಂಡ್ ಯಂತ್ರ. ಹುಡುಗಿ ಈಗ ಡಿಪ್ಲೊಮಾ ಓದುತ್ತಿದ್ದಾಳೆ. ಎಡಮೂಲೆ ಬಾಯಿ ಬಿಟ್ಟಿತ್ತು. ಎರಡು ತಿಂಗಳಿಂದ ಅದಕ್ಕೆ ಟೇಪು ಸುತ್ತಿ, ಪರದೆಯ ಹಿಂದೆ ಪುಸ್ತಕಗಳನ್ನು ಒರಗಿಸಿ, ಅಪ್ಪನಿಗೆ ಕಾಣದಂತೆ ಕೆಲಸ ನಡೆಸಿದ್ದಳಂತೆ. ಕಂಡ ದಿನ ಅಪ್ಪ ಮೊದಲು ಮೆಷಿನ್ ಎಣ್ಣೆ ಬಿಟ್ಟರು, ಆಮೇಲೆ ಬೈದರು.

"ಎಲ್ಲಿ ಬೀಳಿಸಿದೆ ಅಂತ ಬಾಯಿ ಬಿಡ್ತಿಲ್ಲ. ನೀವೇ ಕೇಳಿ ಮೇಷ್ಟ್ರೇ."

"ಬೀಳಿಸಿಲ್ಲ ಸಾರ್" ಎಂದಳು. ಅಷ್ಟು ಹೊತ್ತಿಗೆ ಅದನ್ನು ಎಷ್ಟು ಸಲ ಹೇಳಿದ್ದಳೋ, ದನಿಯಲ್ಲಿ ನಂಬಿಸುವ ಆಸೆಯೇ ಉಳಿದಿರಲಿಲ್ಲ.

ಕೇಳುವುದಕ್ಕಿಂತ ಬಿಚ್ಚಿ ನೋಡುವುದು ಮೇಲು. ಯಂತ್ರ ಆರಿಸಿ, ಚಾರ್ಜರ್ ತೆಗೆದು, ತಳದ ಸ್ಕ್ರೂಗಳನ್ನು ಬಿಚ್ಚಿದೆವು. ಒಂದೊಂದು ಸ್ಕ್ರೂ ಒಂದೊಂದು ಉದ್ದ. ಗಿಡ್ಡನೆಯದರ ಜಾಗಕ್ಕೆ ಉದ್ದದ್ದು ಹೋದರೆ ಒಳಗಿನ ಬೋರ್ಡಿಗೆ ಚುಚ್ಚೀತು. ಹಾಗಾಗಿ ಹುಡುಗಿ ಹಾಳೆಯ ಮೇಲೆ ತಳದ ಚಿತ್ರ ಬರೆದು, ಆಯಾ ಜಾಗದಲ್ಲೇ ಸ್ಕ್ರೂ ಅಂಟಿಸಿಟ್ಟಳು. ತಳ ತೆಗೆದೊಡನೆ ಮೊದಲ ಕೆಲಸ ಬ್ಯಾಟರಿಯ ಸಂಪರ್ಕ ತಪ್ಪಿಸುವುದು. ಅದು ಊದಿಕೊಂಡಿದೆಯೇ ಎಂದೂ ನೋಡಬೇಕು. ಊದಿದ ಬ್ಯಾಟರಿಯೂ ಹೀಗೆಯೇ ಅಂಚನ್ನು ಬಾಯಿ ಬಿಡಿಸುತ್ತದೆ. ಹಾಗಿದ್ದಲ್ಲಿ ಒತ್ತಬಾರದು, ಚುಚ್ಚಬಾರದು, ಚಾರ್ಜ್ ಮಾಡಬಾರದು. ರಿಪೇರಿ ಬಲ್ಲವರಿಗೆ ಒಪ್ಪಿಸಬೇಕು. ಇಲ್ಲಿ ಬ್ಯಾಟರಿ ಚಪ್ಪಟೆಯಾಗಿ ಚೆನ್ನಾಗಿತ್ತು.

ಕೀಲಿನ ಕಾಲನ್ನು ಹಿಡಿಯಬೇಕಾದ ಪುಟ್ಟ ಹಿತ್ತಾಳೆ ನಟ್ಟುಗಳು ಮೂರು. ಅವನ್ನು ಪ್ಲಾಸ್ಟಿಕ್ಕಿನಲ್ಲಿ ಹೂತಿರುತ್ತಾರೆ. ಎರಡು ನಟ್ಟುಗಳು ಸ್ಕ್ರೂವಿನ ಸಮೇತ, ಪ್ಲಾಸ್ಟಿಕ್ಕಿನ ಚೂರನ್ನೂ ಕಚ್ಚಿಕೊಂಡು ನೆಟ್ಟಗೆ ಮೇಲಕ್ಕೆ ಕಿತ್ತು ಬಂದಿದ್ದವು. ಹೊರಗಿನ ಮೂಲೆಯಲ್ಲಿ ಒಂದು ಗೀರೂ ಇಲ್ಲ. ಬಿದ್ದ ಯಂತ್ರವಾದರೆ ಮೊದಲು ಜಜ್ಜಿಹೋಗುವುದು ಆ ಮೂಲೆಯೇ.

ಏಳನೆಯ ತರಗತಿಯ ಹುಡುಗರಿಗೂ ಅರ್ಥವಾಗುವ ಸನ್ನೆಯ ಲೆಕ್ಕ ಇದು. ಪರದೆಯ ಮೇಲಂಚು ಕೀಲಿನಿಂದ ಸುಮಾರು 22 ಸೆಂಟಿಮೀಟರ್ ದೂರ. ಹಿತ್ತಾಳೆ ನಟ್ಟುಗಳು ಒಂದೂವರೆ ಸೆಂಟಿಮೀಟರ್ ದೂರ ಎಂದಿಟ್ಟುಕೊಳ್ಳಿ. ಕೀಲು ಬಿಗಿದು ಜಗ್ಗದಿದ್ದಾಗ ಅಂಚಿನಲ್ಲಿ ಬೆರಳು ಹಾಕುವ ಬಲ ನಟ್ಟಿನ ಬಳಿ ಹೆಚ್ಚುಕಡಿಮೆ 15 ಪಟ್ಟಾಗುತ್ತದೆ. ಬೆರಳಲ್ಲಿ ಒಂದು ಕಿಲೋ ತೂಕದಷ್ಟು ಒತ್ತಿದರೆ, ಅಲ್ಲಿ 15 ಕಿಲೋ ಚೀಲವನ್ನು ನೇತು ಹಾಕಿದಂತೆ. ಪರದೆಯನ್ನು ನಡುವೆ ಹಿಡಿದು ತೆರೆದರೆ ಈ ಭಾರವನ್ನು ಎರಡು ಕೀಲುಗಳು ಹಂಚಿಕೊಳ್ಳುತ್ತವೆ. ಒಂದು ಮೂಲೆ ಹಿಡಿದು ತೆರೆದರೆ ಬಹುಪಾಲು ಆ ಬದಿಯ ಕೀಲಿಗೇ ಬೀಳುತ್ತದೆ. ನಾವೆಲ್ಲ ತೆರೆಯುವುದು ಮೂಲೆ ಹಿಡಿದೇ, ಇನ್ನೊಂದು ಕೈಯಲ್ಲಿ ಕಾಫಿ ಲೋಟ ಇರುತ್ತದಲ್ಲ!

ದರ್ಜಿ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ಅಂದರೆ ಗುಂಡಿ ಗಟ್ಟಿಯಾಗಿದೆ, ಬಟ್ಟೆ ಹರಿದಿದೆ" ಎಂದರು. ಇಷ್ಟು ವರ್ಷ ಪಾಠ ಹೇಳಿದ ನನಗೆ ಇದಕ್ಕಿಂತ ಒಳ್ಳೆಯ ವಿವರಣೆ ಹೊಳೆದಿರಲಿಲ್ಲ. ಮಗಳ ಕಡೆ ತಿರುಗಿ, "ಮೊದಲೇ ಹೇಳಬಾರದಿತ್ತೇನಮ್ಮ?" ಎಂದರು. ಅವಳು ಉತ್ತರ ಕೊಡಲಿಲ್ಲ. ಉತ್ತರ ಅವರಿಗೂ ಗೊತ್ತಿತ್ತು.

ರಿಪೇರಿಯ ಉಪಾಯವೂ ಅವರದೇ. ಹರಿದ ಕಡೆ ಹಿಂದೆ ಬಟ್ಟೆ ಕೊಟ್ಟು ಗುಂಡಿ ಹೊಲಿಯುವುದಿಲ್ಲವೇ? ಹಾಗೆಯೇ ಮಾಡಿದೆವು. ಮೊದಲು ಕೀಲಿನ ನಟ್ಟನ್ನು ಕಾಲು ಸುತ್ತು ಸಡಿಲಿಸಿದೆವು. ಇದನ್ನು ಬಿಟ್ಟು ಎಷ್ಟು ಅಂಟು ಹಾಕಿದರೂ ಅದು ಮತ್ತೆ ಕೀಳುತ್ತದೆ. ನಟ್ಟಿಲ್ಲದ ಮಾದರಿಯಾದರೆ ಕೀಲನ್ನೇ ಬದಲಿಸಬೇಕು. ಬಳಿಕ ಒಡೆದ ಜಾಗವನ್ನು ಒರೆಸಿ, ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ಕಲಸಿ, ತೆಳು ಹತ್ತಿಬಟ್ಟೆಯ ಚೂರನ್ನು ಅದರಲ್ಲಿ ನೆನೆಸಿ ನಟ್ಟುಗಳ ಸುತ್ತ ಕೂರಿಸಿದೆವು. ಎಳೆಗಳು ಅಂಟಿಗೆ ಬಲ ಕೊಡುತ್ತವೆ. ಫೈಬರ್ ಗ್ಲಾಸಿನ ತತ್ತ್ವವೂ ಇದೇ. ಅಂಟು ಸ್ಕ್ರೂವಿಗೆ ಹಿಡಿಯದಿರಲೆಂದು ಅದರ ಮರೆಗಳಿಗೆ ಚೂರೇ ಚೂರು ವ್ಯಾಸಲೀನ್. ಎಣ್ಣೆಯ ಮೋಹ ಇರುವವರು ಇಲ್ಲಿ ತೀರಿಸಿಕೊಳ್ಳಬಹುದು. ಒಂದು ರಾತ್ರಿ ಮುಟ್ಟದೆ ಬಿಟ್ಟು, ಮರುದಿನ ಜೋಡಿಸಿದೆವು. ಕ್ಷಣದಲ್ಲಿ ಹಿಡಿಯುವ ತೆಳು ಅಂಟು ಈ ಕೆಲಸಕ್ಕೆ ಬಾರದು. ಅದು ಪೆಡಸು, ಹರಿದು ಕೀಲಿನೊಳಕ್ಕೂ ನುಗ್ಗುತ್ತದೆ.

ಸ್ಕ್ರೂ ಮಾತ್ರ ಸಡಿಲವಾಗಿದ್ದರೆ ಇಷ್ಟೆಲ್ಲ ಬೇಕಿಲ್ಲ, ಸರಿಯಾದ ಅಳತೆಯ ಸ್ಕ್ರೂ ಡ್ರೈವರಿನಿಂದ ಬಿಗಿದರೆ ಮುಗಿಯಿತು. ಪರದೆಯಲ್ಲಿ ಗೆರೆ ಮೂಡುತ್ತಿದ್ದರೆ ಕೀಲಿನ ಪಕ್ಕದ ತಂತಿಗೂ ಪೆಟ್ಟಾಗಿರಬಹುದು, ಅದು ಅಂಗಡಿಯ ಕೆಲಸ.

ಚೆನ್ನಾಗಿರುವ ಲ್ಯಾಪ್‌ಟಾಪ್ ಇದ್ದವರು ಶಾಲೆಯ ಸ್ಪ್ರಿಂಗ್ ತ್ರಾಸನ್ನು ಒಂದು ದಿನಕ್ಕೆ ಕೇಳಿ ತನ್ನಿ. ಪರದೆಯ ಅಂಚಿನ ನಡುವಿಗೆ ದಾರದ ಕುಣಿಕೆ ಟೇಪಿನಿಂದ ಅಂಟಿಸಿ. ಬುಡವನ್ನು ಅಪ್ಪನೋ ಅಮ್ಮನೋ ಹಿಡಿದುಕೊಳ್ಳಲಿ. ಪರದೆ ಅರ್ಧ ತೆರೆದಿದ್ದಾಗ ನಿಧಾನವಾಗಿ ಎಳೆದು, ಅದು ಕದಲುವ ಹೊತ್ತಿಗೆ ಎಷ್ಟು ನ್ಯೂಟನ್ ಬಂತೆಂದು ಬರೆದಿಡಿ. ಆರು ತಿಂಗಳ ನಂತರ ಅಷ್ಟೇ ತೆರೆದು ಮತ್ತೆ ಅಳೆಯಿರಿ. ಅಂಕಿ ಏರಿದ್ದರೆ ಕೀಲು ಬಿಗಿಯುತ್ತಿದೆ. ಪ್ಲಾಸ್ಟಿಕ್ ಇನ್ನೂ ಗಟ್ಟಿಯಾಗಿರುವಾಗಲೇ ನಟ್ಟನ್ನು ಕಾಲು ಸುತ್ತು ಸಡಿಲಿಸಿಕೊಳ್ಳಬಹುದು.