ಬಣ್ಣ ಬಳಿಯುವ ಮುನ್ನ

ಹಳೆಯ ಕಾರನ್ನು ಹೊಸದು ಮಾಡಬೇಕೆಂಬ ಯೋಚನೆ ಮನೆಯಲ್ಲಿ ಹುಟ್ಟಿದೊಡನೆ ಎಲ್ಲರ ನಾಲಗೆಯ ಮೇಲೂ ಬರುವ ಮೊದಲ ಪ್ರಶ್ನೆ ಒಂದೇ: ಬಣ್ಣ ಯಾವುದು? ಎಂಜಿನ್ನಿನ ವಿಚಾರವನ್ನು ತಿಳಿದವರಿಗೆ ಬಿಡಬಹುದು. ಬ್ರೇಕಿನ ವಿಚಾರ ಮೇಸ್ತ್ರಿಗೆ ಸೇರಿದ್ದು. ಬಣ್ಣದ ವಿಷಯದಲ್ಲಿ ಮಾತ್ರ ಮನೆಮಂದಿಯೆಲ್ಲ ಪಂಡಿತರೇ.

ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿಯೂ ಹೀಗೆಯೇ ಆಯಿತು. ಬ್ಯಾಂಕಿನ ಗುಮಾಸ್ತಗಿರಿಯಿಂದ ನಿವೃತ್ತರಾಗಿ ಬಹುಕಾಲವಾದ ಹಿರಿಯರು 1984ರಲ್ಲಿ ಕೊಂಡಿದ್ದ ಕಾರು 1978ರ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100ರ ಮಾದರಿಯಲ್ಲಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರನ್ನು ಅಂದಿನ ಮಧ್ಯಮ ವರ್ಗದ ಸಂಸಾರಗಳು ಮನೆಮಗಳಂತೆ ಕಂಡಿದ್ದುವು. ಈ ಪದ್ಮಿನಿಯೂ ಎಷ್ಟೋ ಆಯುಧಪೂಜೆಗಳಲ್ಲಿ ಕುಂಕುಮ ಹಚ್ಚಿಸಿಕೊಂಡು, ನಿಂಬೆಹಣ್ಣು ತುಳಿದು, ಕಡೆಗೆ ಶೆಡ್ಡಿನಲ್ಲಿ ಧೂಳು ಹೊದ್ದು ಮಲಗಿತ್ತು.

ಮಗನು ಅದನ್ನು ಎಬ್ಬಿಸಲು ಹೊರಟನು. ಇದ್ದಂತೆಯೇ ಇಡುವ ಆಸೆ ಅವನಿಗಿರಲಿಲ್ಲ. ಅಗಲವಾದ ಚಕ್ರಗಳು, ಹವಾನಿಯಂತ್ರಣ, ನಾಲ್ವರಿಗೂ ಸೀಟು ಬೆಲ್ಟು, ದೊಡ್ಡ ಎಂಜಿನ್—ಪಟ್ಟಿ ಉದ್ದವಾಗಿತ್ತು. ಬಣ್ಣವಂತೂ ಮಿರುಗುವ ಕಡುಗೆಂಪು ಮೆಟಾಲಿಕ್ ಎಂದು ಅವನು ನಿಶ್ಚಯಿಸಿಬಿಟ್ಟಿದ್ದನು. ಸೊಸೆಗೆ ಕೆನೆಬಣ್ಣ ಇಷ್ಟ. ಏಳು ವರ್ಷದ ಮೊಮ್ಮಗಳು ಎರಡೂ ಇರಲಿ ಎಂದು ತೀರ್ಪು ಕೊಟ್ಟಳು. ಹಿರಿಯರು ಮಾತ್ರ ಏನನ್ನೂ ಹೇಳಲಿಲ್ಲ.

ಟಿಂಕರಿಂಗ್ ಮೇಸ್ತ್ರಿ ಬಣ್ಣದ ಪುಸ್ತಕವನ್ನು ತೆರೆಯಲೇ ಇಲ್ಲ. ಜೇಬಿನಿಂದ ಬಟ್ಟೆ ಸುತ್ತಿದ ಒಂದು ಸಣ್ಣ ಅಯಸ್ಕಾಂತವನ್ನು ತೆಗೆದು ಕಾರಿನ ಮೈಮೇಲೆ ಸರಿಸುತ್ತ ಹೋದನು. ಬಾನೆಟ್ಟಿನಲ್ಲಿ ಅದು ಗಟ್ಟಿಯಾಗಿ ಕಚ್ಚಿಕೊಂಡಿತು. ಮಡ್‌ಗಾರ್ಡಿನಲ್ಲಿ ಅನುಮಾನಿಸುತ್ತ ನಿಂತಿತು. ಎಡಗಡೆಯ ಬಾಗಿಲುಗಳ ಕೆಳಗೆ ಬಂದಾಗ ಜಾರಿ ನೆಲಕ್ಕೆ ಬಿದ್ದಿತು.

“ಇಲ್ಲಿ ಕಬ್ಬಿಣ ಇಲ್ಲ ಸ್ವಾಮಿ, ಬರೀ ಪುಟ್ಟಿ” ಎಂದನು ಮೇಸ್ತ್ರಿ.

ಲಾರಿಗೆ ಇರುವಂತೆ ಪದ್ಮಿನಿಗೆ ಬೇರೆ ಚಾಸಿ ಇಲ್ಲ. ತಗಡಿನ ಒಡಲೇ ಅದರ ಅಸ್ಥಿಪಂಜರ. ಬಾಗಿಲುಗಳ ಅಡಿಯಲ್ಲಿ ಉದ್ದಕ್ಕೆ ಹಾದುಹೋಗುವ, ಮೇಸ್ತ್ರಿಗಳು ರನ್ನಿಂಗ್ ಬೋರ್ಡ್ ಎನ್ನುವ ಪೊಳ್ಳು ತೊಲೆಯೇ ಮುಂದಿನ ಭಾಗವನ್ನೂ ಹಿಂದಿನ ಭಾಗವನ್ನೂ ಹಿಡಿದಿರುವುದು. ಮಳೆಯ ನೀರೂ ಕೆಸರೂ ಅದರೊಳಗೆ ಸೇರಿ, ಹೊರಹೋಗುವ ತೂತುಗಳು ಕಟ್ಟಿಕೊಂಡರೆ, ತುಕ್ಕು ಒಳಗಿನಿಂದಲೇ ತಿನ್ನುತ್ತ ಬರುತ್ತದೆ. ಹೊರಗೆ ಒಂದು ಗುಳ್ಳೆ ಕಾಣಿಸುವ ವೇಳೆಗೆ ಒಳಗಿನ ಕೆಲಸ ಬಹುಮಟ್ಟಿಗೆ ಮುಗಿದಿರುತ್ತದೆ. ಮೇಲೆ ತಳುಕು, ಒಳಗೆ ಹುಳುಕು ಎಂದು ಹಿಂದಿನವರು ಹೇಳಿದ್ದು ಕಾರಿಗೂ ಸಲ್ಲುವ ಮಾತು.

ಮಗನಿಗೆ ಸಿಟ್ಟು ಬಂದಿತು. “ಯಾವನೋ ಮೋಸಗಾರ ಮಾಡಿದ ಕೆಲಸ ಅಪ್ಪಾ ಇದು!” ಎಂದನು.

ಕುರ್ಚಿಯಲ್ಲಿ ಕುಳಿತಿದ್ದ ಹಿರಿಯರು ಕನ್ನಡಕವನ್ನು ತೆಗೆದು ಒರಸಿಕೊಂಡರು. “ಮೋಸಗಾರ ಅವನಲ್ಲಪ್ಪ. ತಗಡು ಕತ್ತರಿಸಿ ಹೊಸದು ಹಾಕಬೇಕೆಂದು ಅವನು ಹೇಳಿದ್ದ. ಅದು ನಿನ್ನ ಅಕ್ಕನ ಮದುವೆಯ ವರ್ಷ. ಬೀಗರ ಮನೆಯ ಮುಂದೆ ಕಾರು ಚೆನ್ನಾಗಿ ಕಂಡರೆ ಸಾಕು, ಮೆತ್ತಿ ಬಣ್ಣ ಹೊಡೆ ಎಂದವನು ನಾನೇ.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆ ಹುಳುಕು ತೊಲೆಯ ಮೇಲೆಯೇ ಮದುಮಗಳು ಗಂಡನ ಮನೆಗೆ ಹೋಗಿದ್ದಳು. ಈಗ ಮೊಮ್ಮಗಳ ಸೀಟು ಬೆಲ್ಟನ್ನು ಬಿಗಿಯಬೇಕಾಗಿದ್ದುದೂ ಅದರ ಪಕ್ಕದ ನೆಲಕ್ಕೇ. ತುಕ್ಕುಹಿಡಿದ ತಗಡಿಗೆ ಬಿಗಿದ ಬೆಲ್ಟು ಅಪಘಾತದ ಗಳಿಗೆಯಲ್ಲಿ ಬೋಲ್ಟಿನೊಡನೆ ಕಿತ್ತುಬರುವುದಲ್ಲದೆ ಯಾರನ್ನೂ ಹಿಡಿಯಲಾರದು.

ಅಂದು ರಾತ್ರಿ ತಂದೆ ಮಕ್ಕಳು ಒಂದು ಹಾಳೆಯನ್ನು ಹಿಡಿದು ಕುಳಿತರು. ಕೈಯಲ್ಲಿದ್ದ ಹಣದಲ್ಲಿ ಕಬ್ಬಿಣದ ಕೆಲಸ ಅಥವಾ ಮಿರುಗುವ ಬಣ್ಣ, ಎರಡರಲ್ಲಿ ಒಂದಕ್ಕೆ ಮಾತ್ರ ಅವಕಾಶವಿತ್ತು. ದೊಡ್ಡ ಎಂಜಿನ್ನಿನ ಮೇಲೆ ಮೊದಲ ಗೀಟು ಬಿದ್ದಿತು. ತಯಾರಕನು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಹಳೆಯ 1089 ಸಿ.ಸಿ. ಎಂಜಿನ್ನನ್ನೇ ಬಿಚ್ಚಿ ಸರಿಪಡಿಸುವುದು, ಉಳಿದ ಮಾರ್ಪಾಡುಗಳನ್ನೂ ಬಣ್ಣವನ್ನೂ ಕುರಿತು ನೋಂದಣಿ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಎಂದು ಬರೆದರು.

ಬಳಿಕ ಕೆಲಸದ ಕ್ರಮ. ಬಾಗಿಲಿನ ತೆರಪಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆಗಳನ್ನು ಬೆಸೆದು ಒಡಲು ಬಾಗದಂತೆ ನಿಲ್ಲಿಸಬೇಕು. ಆಮೇಲೆಯೇ ಹುಳುಕು ತೊಲೆಯನ್ನು ಕತ್ತರಿಸಬೇಕು, ಅದೂ ಒಂದು ಸಲಕ್ಕೆ ಒಂದೇ ಬದಿ. ಬೆಲ್ಟುಗಳ ಬೋಲ್ಟು ಕೂರುವಲ್ಲಿ ದಪ್ಪ ತಗಡಿನ ಒತ್ತು ಕೊಡಬೇಕು. ಹವಾನಿಯಂತ್ರಣದ ಕೊಳವೆಗಳಿಗೆ ಬೇಕಾದ ತೂತುಗಳನ್ನು ಆಗಲೇ ಕೊರೆಯಬೇಕು. ಅಗಲ ಚಕ್ರವನ್ನು ಹಾಕಿ, ಪೂರ್ತಿ ತಿರುಗಿಸಿ, ಮಡ್‌ಗಾರ್ಡಿಗೆ ಉಜ್ಜುವುದೋ ಎಂದು ನೋಡಬೇಕು. ಬಾಗಿಲು, ಬಾನೆಟ್ಟು, ಡಿಕ್ಕಿಯ ಮುಚ್ಚಳಗಳನ್ನೆಲ್ಲ ಕೂರಿಸಿ ಸಂದುಗಳು ಸಮವಾಗಿವೆಯೇ ಎಂದು ಪರೀಕ್ಷಿಸಬೇಕು. ಹೀಗೆ ಬಣ್ಣವಿಲ್ಲದೆಯೇ ಕಾರನ್ನು ಒಮ್ಮೆ ಪೂರ್ತಿ ಜೋಡಿಸಿ, ಮತ್ತೆ ಬಿಚ್ಚಬೇಕು. ಬಣ್ಣ ಬಳಿದ ಮೇಲೆ ನೆನಪಾದ ಒಂದು ತೂತು, ಒಂದು ಬೆಸುಗೆ, ಅಷ್ಟು ದಿನದ ಶ್ರಮವನ್ನು ಸುಟ್ಟುಬಿಡುತ್ತದೆ.

ಬರಿಯ ಕಬ್ಬಿಣದ ಮೇಲೆ ಎಪಾಕ್ಸಿ ಪ್ರೈಮರ್. ಅದರ ಮೇಲೆ ತಗ್ಗಿದ್ದಲ್ಲಿ ಮಾತ್ರ ಪುಟ್ಟಿ, ಅದೂ ಎರಡು ಮೂರು ಮಿಲಿಮೀಟರು ಮೀರದಂತೆ. ಪುಟ್ಟಿಯನ್ನು ಉಜ್ಜಲು ಮೊದಲು 80ನೆಯ ನಂಬರಿನ ಉಪ್ಪುಕಾಗದ, ಬಳಿಕ 180. ಮತ್ತೊಮ್ಮೆ ಪ್ರೈಮರ್ ಹೊಡೆದ ಮೇಲೆ 400, 600. ನಡುವೆ ಕಪ್ಪು ಬಣ್ಣವನ್ನು ತೆಳ್ಳಗೆ ಚಿಮುಕಿಸಿ ಉಜ್ಜಿದರೆ, ಕಪ್ಪು ಉಳಿದಲ್ಲೆಲ್ಲ ತಗ್ಗಿದೆಯೆಂದು ತಿಳಿಯುತ್ತದೆ. ಕಣ್ಣಿಗೆ ಕಾಣದ್ದನ್ನು ಅಂಗೈ ಹೇಳುತ್ತದೆ.

ಬಣ್ಣಕ್ಕೂ ಹವೆಯ ಹಂಗು ಉಂಟು. ಹಳೆಯ ಎನ್.ಸಿ. ಬಣ್ಣವನ್ನು ಮಳೆಗಾಲದ ತೇವದಲ್ಲಿ ಹೊಡೆದರೆ ಬೆಳ್ಳಗೆ ಮಂಕು ಕವಿಯುತ್ತದೆ. ಪಿ.ಯು. ಬಣ್ಣ ಹೆಚ್ಚು ಬಾಳುತ್ತದೆ. ಆದರೆ ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟು ಶ್ವಾಸಕೋಶಕ್ಕೆ ಹಾನಿಕರ. ಹೊಡೆಯುವವನಿಗೆ ಮೂಗಿಗೆ ಕಟ್ಟಿದ ಕರವಸ್ತ್ರ ಸಾಲದು, ಹೊರಗಿನ ಶುದ್ಧ ಗಾಳಿಯನ್ನು ತರುವ ಮುಖವಾಡವೇ ಬೇಕು. ಅದರ ಬೆಲೆಯನ್ನೂ ಹಿರಿಯರು ಹಾಳೆಯಲ್ಲಿ ಸೇರಿಸಿದರು.

ಕೊನೆಯ ಸಾಲು ಮಾತ್ರ ಖಾಲಿ ಉಳಿಯಿತು. ಮಗನು ಕೇಳಿದಾಗ ಮೇಸ್ತ್ರಿ ನಕ್ಕು, ಕಡುಬಣ್ಣದ ಹೊಳಪಿನಲ್ಲಿ ತಗಡಿನ ಒಂದೊಂದು ಅಲೆಯೂ ಕಾಣುವುದೆಂದೂ, ಮೆಟಾಲಿಕ್ಕಿಗೆ ಗೀರು ಬಿದ್ದರೆ ಅಷ್ಟು ಜಾಗಕ್ಕೆ ಮಾತ್ರ ಬಣ್ಣ ಕೂಡಿಸುವುದು ಕಷ್ಟವೆಂದೂ ಹೇಳಿದನು.

ತಿಂಗಳುಗಳು ಕಳೆದುವು. ಜೆ.ಸಿ. ರಸ್ತೆಯ ಅಂಗಡಿಗಳಿಂದ ಬಿಡಿಭಾಗಗಳು ಬಂದುವು. ತೊಲೆಯ ಬೆಸುಗೆ ಮುಗಿದ ದಿನ ಮೇಸ್ತ್ರಿ ಅಯಸ್ಕಾಂತವನ್ನು ಹಿರಿಯರ ಕೈಗೆ ಕೊಟ್ಟನು. ಅವರು ಮೆಲ್ಲನೆ ಬಗ್ಗಿ ಎಡಗಡೆಯ ಬಾಗಿಲಿನ ಕೆಳಗೆ ಇಟ್ಟರು. ಅದು ಟಕ್ಕನೆ ಕಚ್ಚಿಕೊಂಡಿತು. ಬೆರಳಿನಿಂದ ಎಳೆದು ನೋಡಿದರು, ಸುಲಭವಾಗಿ ಬರಲಿಲ್ಲ.

ಅಷ್ಟರಲ್ಲಿ ಡ್ಯಾಶ್‌ಬೋರ್ಡಿನ ಅಡಿಗೆ ತಲೆಹಾಕಿದ್ದ ಮೊಮ್ಮಗಳು ಕೂಗಿದಳು: “ತಾತಾ, ಇಲ್ಲಿ ಬೇರೆ ಬಣ್ಣ ಇದೆ!” ಬಿಸಿಲು ಕಾಣದ ಆ ಮೂಲೆಯಲ್ಲಿ ಕಾರ್ಖಾನೆಯ ಮೊದಲ ಕೆನೆಬಣ್ಣ ಮಾಸದೆ ಉಳಿದಿತ್ತು. ಮಗನು ಬಹಳ ಹೊತ್ತು ಅದನ್ನೇ ನೋಡಿದನು. ಆಮೇಲೆ ಜೇಬಿನಿಂದ ಹಾಳೆಯನ್ನು ತೆಗೆದು, ಖಾಲಿಯಿದ್ದ ಕೊನೆಯ ಸಾಲನ್ನು ತುಂಬಲು ತಂದೆಯ ಕೈಗೆ ಪೆನ್ನು ಕೊಟ್ಟನು.