ಕಡಲಿಗೆ ಹೋದ ಹತ್ತಿ
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ನಮಗೆ ನದಿ ಎಂದರೆ ಭೀಮೆ, ಕೃಷ್ಣೆ. ದೋಣಿ ಎಂದರೆ ಹರಿಗೋಲು. ಕಡಲು ಕರಾವಳಿಯವರದು ಎಂದುಕೊಂಡೇ ಬೆಳೆದವರು ನಾವು. ಮಂಗಳೂರಿನ ಹಳೇ ಬಂದರಿನಲ್ಲಿ ಮರದ ಮಂಜಿಗಳನ್ನು ಕಂಡಾಗ ನನ್ನ ಆ ಭಾವನೆ ಸಡಿಲಿತು. 200 ಕಿ.ಮೀ.ಗೂ ಆಚೆಯ ಲಕ್ಷದ್ವೀಪಕ್ಕೆ ಸಿಮೆಂಟು, ತರಕಾರಿ ಒಯ್ಯುವ ಎಂಜಿನ್ ಹಡಗುಗಳಿವು. ಖಲಾಸಿಗಳ ಅಡುಗೆ, ಊಟ, ನಿದ್ದೆ ಎಲ್ಲ ಅದರಲ್ಲೇ.

ಇಂಥ ಮರದ ಹಡಗಿನ ಹಲಗೆಗಳ ಸಂದಿಗೆ ತುಂಬುವುದೇನು ಗೊತ್ತೇ? ನಮ್ಮ ಹೊಲದಲ್ಲಿ ಬೆಳೆಯುವಂಥ ಹತ್ತಿ! ನೀರು ಕುಡಿದ ಹಲಗೆ ಉಬ್ಬಿ, ಹತ್ತಿಯನ್ನು ಒತ್ತಿ, ಸಂದಿ ಮುಚ್ಚುತ್ತದೆ. ದಡದಲ್ಲೇ ಒಣಗಲು ಬಿಟ್ಟರೆ ಅದೇ ಹಲಗೆ ಬೇಸಿಗೆಯ ಎರೆಹೊಲದಂತೆ ಬಿರಿಯುತ್ತದೆ. ಹಡಗಿಗೆ ನೀರೇ ಕ್ಷೇಮ.

ಹಡಗಿನ ವಿದ್ಯೆ ಕಲಿಯುವೆನೆಂಬ ಮಗಳನ್ನೋ ಮಗನನ್ನೋ ‘ಕಡಲು ನಮಗೆ ದೂರ’ ಎಂದು ತಡೆಯುವ ಮುನ್ನ, ತಂದೆತಾಯಿಗಳೇ, ರಜೆಯಲ್ಲೊಮ್ಮೆ ಆ ಬಂದರಿಗೆ ಕರೆದೊಯ್ಯಿರಿ.