ಹನ್ನೊಂದು ಜೀವ, ಒಂದು ದೋಣಿ

1791ರ ಮಾರ್ಚ್ 28, ರಾತ್ರಿ. ಆಸ್ಟ್ರೇಲಿಯಾದಲ್ಲಿ ಬ್ರಿಟಿಷರ ಕೈದಿ ವಸಾಹತು. ಸಿಡ್ನಿ ಕೋವ್‌ನ ಮೇಲೆ ಚಂದ್ರ ಇನ್ನೂ ಮೂಡಿಲ್ಲ. ಹುಟ್ಟು ನೀರಿಗಿಳಿದರೆ ಸದ್ದಾಗಬಾರದು. ಯಾರೂ ಕೆಮ್ಮಬಾರದು. ಮೇರಿ ಬ್ರಯಂಟ್‌ಳ ಮಡಿಲಲ್ಲಿ ವರ್ಷದ ಕೂಸು ಇಮ್ಯಾನ್ಯುಯೆಲ್, ಮಗ್ಗುಲಿಗೆ ಅಂಟಿಕೊಂಡು ಮೂರು ತುಂಬಿದ ಷಾರ್ಲೆಟ್. ಮಗುವೊಂದು ಅತ್ತರೂ ಮುಗಿಯಿತು. ಬಂದರಿನ ಬಾಯಲ್ಲಿ, ಬಂಡೆಯ ಮೇಲೆ ಕಾವಲಿದೆ. ದೋಣಿ ಅದರ ಬುಡದಲ್ಲೇ ಜಾರುತ್ತದೆ, ಜಾರುತ್ತದೆ... ಪೆಸಿಫಿಕ್‌ನ ಮೊದಲ ತೆರೆಗೆ ಮೂತಿ ಎತ್ತುತ್ತದೆ!

ಒಂಬತ್ತು ಮಂದಿ ಕೈದಿಗಳು, ಇಬ್ಬರು ಮಕ್ಕಳು. ಕದ್ದದ್ದು ಗವರ್ನರ್ ಆರ್ಥರ್ ಫಿಲಿಪ್‌ನ ದೋಣಿ.

ಮೇರಿ ಕಾರ್ನ್‌ವಾಲ್‌ನ ಕಡಲಿಗನೊಬ್ಬನ ಮಗಳು. ಹೆಂಗಸೊಬ್ಬಳನ್ನು ಅಡ್ಡಗಟ್ಟಿ ರೇಷ್ಮೆ ಟೋಪಿ ಮತ್ತಿತರ ಸಾಮಾನು ಕಿತ್ತುಕೊಂಡದ್ದಕ್ಕೆ 1786ರಲ್ಲಿ ಗಲ್ಲುಶಿಕ್ಷೆ. ಬಳಿಕ ಅದು ಏಳು ವರ್ಷದ ಗಡೀಪಾರಾಯಿತು. ಆಸ್ಟ್ರೇಲಿಯಾಕ್ಕೆ ಹೊರಟ ಮೊದಲ ಕೈದಿ ಹಡಗುಗಳಲ್ಲಿ ಒಂದಾದ ‘ಷಾರ್ಲೆಟ್’ನಲ್ಲೇ ಹೆತ್ತಳು, ಮಗಳಿಗೂ ಅದೇ ಹೆಸರು. ಗಂಡ ವಿಲಿಯಂ ವಸಾಹತಿಗೆ ಮೀನು ಹಿಡಿಯುವವನು. ಕದ್ದು ಮೀನು ಮಾರಿದ್ದಕ್ಕೆ ಬೆನ್ನಿಗೆ ನೂರು ಛಡಿಯೇಟು ತಿಂದವನು. ಅವನ ಶಿಕ್ಷೆಯ ಏಳು ವರ್ಷ ಮುಗಿದಿತ್ತು. ಆದರೆ ಅದನ್ನು ಹೇಳುವ ಕಾಗದವೇ ಇಂಗ್ಲೆಂಡಿನಿಂದ ಬಂದಿರಲಿಲ್ಲ. ಉಗ್ರಾಣ ಬರಿದಾಗಿ ಪಡಿತರ ಕುಗ್ಗಿದ ಹಸಿವಿನ ವರ್ಷವನ್ನು ಇಬ್ಬರೂ ಕಂಡಿದ್ದರು. ಡಚ್ ಹಡಗಿನ ಕಪ್ತಾನನೊಬ್ಬನಿಂದ ದಿಕ್ಸೂಚಿ, ನಕ್ಷೆ, ಬಂದೂಕು ದೊರಕಿಸಿಕೊಂಡರು. ಆ ಹಡಗು ಹೊರಟ ದಿನದ ರಾತ್ರಿಯೇ ಇವರೂ ಹೊರಟರು. ಬೆನ್ನಟ್ಟಲು ಬಂದರಿನಲ್ಲಿ ದೊಡ್ಡ ಹಡಗೊಂದೂ ಉಳಿದಿರಲಿಲ್ಲ.

ದೋಣಿಯಲ್ಲಿದ್ದದ್ದು ಒಂದೊಂದು ಅರ್ಧ ಕ್ವಿಂಟಾಲ್‌ನಷ್ಟು ಹಿಟ್ಟು, ಅಕ್ಕಿ, ಚೂರು ಹಂದಿಮಾಂಸ, ಸುಮಾರು ಎಂಟು ಗ್ಯಾಲನ್ ನೀರು. ಇಷ್ಟೇ.

ಮೊದಲ ದಿನಗಳು ಕೈಹಿಡಿದವು. ಹೊಳೆಯೊಂದರ ಬಾಯಲ್ಲಿ ಮೀನು ಸಿಕ್ಕಿತು, ನೆಲದಲ್ಲಿ ಕಲ್ಲಿದ್ದಲೂ ಕಂಡಿತು. ಆಮೇಲೆ ಗಾಳಿ ಎದ್ದಿತು! ದೋಣಿಯನ್ನು ದಡ ಕಾಣದಷ್ಟು ದೂರ ಎಳೆದೊಯ್ದಿತು. ಆಕಾಶ ಬಿಡಲೊಲ್ಲದು, ವಾರಗಟ್ಟಲೆ ಮಳೆ. ಸಂದು ಬಿಟ್ಟ ಹಲಗೆಗಳ ನಡುವೆ ನೀರು ಉಕ್ಕುತ್ತದೆ. ಮೊಗೆದು ಚೆಲ್ಲು, ಮತ್ತೆ ಮೊಗೆ. ಮುಳುಗುವ ದೋಣಿಯನ್ನು ಹಗುರ ಮಾಡಲು ಮೈಮುಚ್ಚುವ ಬಟ್ಟೆಗಳನ್ನೂ ಕಡಲಿಗೆಸೆದರು. ದಡ ಕಂಡರೂ ಇಳಿಯುವಂತಿಲ್ಲ, ಅಲ್ಲಿ ತೆರೆ ಒಡೆದು ಬಿಳಿ ಗೋಡೆಯಾಗಿ ನಿಂತಿದೆ. ಇಳಿದ ಕಡೆ ನೆಲದ ಒಡೆಯರು ಓಡಿಸಿದರು. ಅವರಿಗೇಕೆ ಬೇಕು ಈ ಬಿಳಿಯರು! ಬಿರುಕುಗಳಿಗೆ ಸೋಪು ಮೆತ್ತಿ ಮತ್ತೆ ತೇಲಿದರು.

ಗ್ರೇಟ್ ಬ್ಯಾರಿಯರ್ ರೀಫ್‌ನ ನಿರ್ಜನ ದ್ವೀಪವೊಂದರಲ್ಲಿ ಆಮೆಗಳು ಮರಳೇರಿ ಬಂದವು. ಹೊಟ್ಟೆ ತುಂಬ ಉಂಡರು, ಮಾಂಸ ಒಣಗಿಸಿ ಕಟ್ಟಿಕೊಂಡರು. ಮುಂದೆ ಕಾರ್ಪೆಂಟೇರಿಯಾ ಕೊಲ್ಲಿ. ಅಲ್ಲಿ ಹಾಯಿಬಿಚ್ಚಿದ ಯುದ್ಧದೋಣಿಗಳು ಹಿಂದೆ ಬಿದ್ದವು. ಎಳೆ, ಎಳೆ, ಹುಟ್ಟು ಎಳೆ! ದಡ ಬಿಟ್ಟು ನೇರ ತೆರೆದ ಕಡಲಿಗೆ ನುಗ್ಗಿದರು. ನಾಲ್ಕೂವರೆ ದಿನದಲ್ಲಿ ಕೊಲ್ಲಿ ದಾಟಿದರು.

ಜೂನ್ 5. ಡಚ್ಚರ ತಿಮೋರ್, ಕುಪಾಂಗ್ ಬಂದರು. ಅರವತ್ತೊಂಬತ್ತು ದಿನ, 5,000 ಕಿಲೋಮೀಟರಿಗೂ ಮಿಕ್ಕಿದ ದಾರಿ. ಹೊರಟವರು ಹನ್ನೊಂದು, ಇಳಿದವರೂ ಹನ್ನೊಂದು. ಮೊಲೆಯುಣ್ಣುವ ವಯಸ್ಸಿನ ಕೂಸೂ ಜೀವಂತ!

ಹಡಗೊಡೆದು ಬದುಕಿ ಬಂದವರೆಂದು ಹೇಳಿಕೊಂಡರು. ಡಚ್ಚರು ನಂಬಿ ಅನ್ನ ಕೊಟ್ಟರು. ಆದರೆ ಗುಟ್ಟು ಹೊರಬಿತ್ತು. ಹೆಂಡತಿಯೊಡನೆ ಜಗಳವಾಡಿ ವಿಲಿಯಂನೇ ಬಾಯಿಬಿಟ್ಟನೆಂದು ಜೊತೆಗಾರ ಜೇಮ್ಸ್ ಮಾರ್ಟಿನ್ ಬರೆದಿಟ್ಟಿದ್ದಾನೆ. ಸೆಪ್ಟೆಂಬರಿನಲ್ಲಿ ಬಂದ ಬ್ರಿಟಿಷ್ ಕಪ್ತಾನ ಎಡ್ವರ್ಡ್ಸ್ ಎಲ್ಲರಿಗೂ ಬೇಡಿ ತೊಡಿಸಿದ.

ನನ್ನ ಎದೆ ಹಿಂಡುವುದು ಇನ್ನು ಮುಂದಿನ ಲೆಕ್ಕ. ಬಿರುಗಾಳಿ ಒಬ್ಬರನ್ನೂ ಮುಟ್ಟಿರಲಿಲ್ಲ. ಅಲ್ಲಿಂದ ಒಯ್ದ ಡಚ್ಚರ ಬಂದರು ಬಟಾವಿಯಾದಲ್ಲಿ, ಬಂಧನದಲ್ಲಿ, ಡಿಸೆಂಬರ್ 1ರಂದು ಇಮ್ಯಾನ್ಯುಯೆಲ್ ಹೋದ. ಮೂರು ವಾರಕ್ಕೆ ವಿಲಿಯಂ. ಇಂಗ್ಲೆಂಡಿಗೆ ಒಯ್ಯುವ ದಾರಿಯಲ್ಲಿ ಮತ್ತೆ ಮೂವರು ಗಂಡಸರು. 1792ರ ಮೇ ತಿಂಗಳಲ್ಲಿ ‘ಗಾರ್ಗನ್’ ಹಡಗಿನಲ್ಲಿ ನಾಲ್ಕರ ಷಾರ್ಲೆಟ್ ಕಣ್ಣುಮುಚ್ಚಿದಳು. ಹಡಗಿನಲ್ಲಿ ಹುಟ್ಟಿದ ಮಗುವನ್ನು ಹಡಗಿನಿಂದಲೇ ಕಡಲಿಗಿಳಿಸಿದರು. ಆಸ್ಟ್ರೇಲಿಯಾಕ್ಕೆ ಹೋಗುವಾಗ ಮೇರಿಯೊಂದಿಗೆ ‘ಷಾರ್ಲೆಟ್’ನಲ್ಲಿದ್ದ ಅಧಿಕಾರಿ ವಾಟ್ಕಿನ್ ಟೆಂಚ್ ಈಗ ‘ಗಾರ್ಗನ್’ನಲ್ಲೂ ಇದ್ದ. ಈ ಕೈದಿಗಳನ್ನು ಕಂಡಾಗಲೆಲ್ಲ ಕನಿಕರವೂ ಬೆರಗೂ ಉಂಟಾಯಿತೆಂದು ಬರೆದ.

ಲಂಡನ್ನಿನ ನ್ಯೂಗೇಟ್ ಜೈಲಿಗೆ ಮುಟ್ಟಿದವರು ಐವರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಸ್ಯಾಮ್ಯುಯೆಲ್ ಜಾನ್ಸನ್‌ನ ಜೀವನಚರಿತ್ರೆ ಬರೆದ ಜೇಮ್ಸ್ ಬಾಸ್ವೆಲ್, ವಕೀಲನೂ ಆಗಿದ್ದವನು, ಇವರಿಗಾಗಿ ಬಾಗಿಲುಬಾಗಿಲು ಬಡಿದ. 1793ರ ಮೇ ತಿಂಗಳಲ್ಲಿ ಮೇರಿಗೆ ಕ್ಷಮಾದಾನ. ಉಳಿದ ನಾಲ್ವರು ನವೆಂಬರಿನಲ್ಲಿ ಹೊರಬಂದರು. ಬಾಸ್ವೆಲ್ ಅವಳಿಗೆ ವರ್ಷಕ್ಕೆ ಹತ್ತು ಪೌಂಡು ಗೊತ್ತುಮಾಡಿ ಕಾರ್ನ್‌ವಾಲ್‌ನ ಮನೆಗೆ ಕಳಿಸಿದ.

ಮೇರಿ ಅವನಿಗೆ ಕೊಟ್ಟದ್ದು ಕೆಲವು ಒಣ ಎಲೆಗಳು. ಸಿಡ್ನಿಯ ಕೈದಿಗಳು ಚಹಾ ಎಂದು ಕುದಿಸಿ ಕುಡಿಯುತ್ತಿದ್ದ ಕಾಡುಬಳ್ಳಿಯವು. ದೋಣಿ ಹೋಯಿತು, ಗಂಡ ಹೋದ, ಮಕ್ಕಳಿಬ್ಬರೂ ಹೋದರು. ಆ ಎಲೆಗಳನ್ನು ಮಾತ್ರ ಅವಳು ಅಲ್ಲಿಯವರೆಗೂ ಉಳಿಸಿಕೊಂಡಿದ್ದಳು.